ಹಿಂದಿನ ಸೀಟಿನಲ್ಲಿ ಕೇಳಿದ ಸದ್ದು

ಆಗ ನನಗೆ ಅರವತ್ಮೂರು. ಆರು ವರ್ಷದ ಹಿಂದಿನ ಮಾತು. ನಮ್ಮ ಕಾರು ತಗ್ಗು ಬಂದಲ್ಲೆಲ್ಲ ಕೆಳಗಿನಿಂದ ಸದ್ದು ಮಾಡುತ್ತಿತ್ತು. ಅದನ್ನು ಓಡಿಸುವ ನನ್ನ ಗಂಡನಿಗೆ ಆ ಸದ್ದು ಕೇಳುತ್ತಿರಲಿಲ್ಲ. ಇಷ್ಟೇ ಸಂಗತಿ. ಇಷ್ಟರಿಂದಲೇ ಅವರ ಡ್ರೈವರಕಿ ಹೋಗುವ ಹಾಗಾಗಿತ್ತು.

ನಮ್ಮ ಮನೆಯವರು ಮೊದಲು ಸಂಡೂರಿನಲ್ಲಿ ಅದಿರಿನ ಲಾರಿ ಓಡಿಸಿದವರು. ಆ ಲಾರಿಯ ಸದ್ದೇ ಅವರ ಕಿವಿ ತಿಂದಿತು. ಗಣಿ ಕೆಲಸ ನಿಂತ ಮೇಲೆ ಹಳೆಯ ಕಾರು ತಗೊಂಡು ಹೊಸಪೇಟೆ ಸ್ಟೇಷನ್ನಿನಿಂದ ಹಂಪಿಗೆ ಬಾಡಿಗೆ ಹೊಡೆಯತೊಡಗಿದರು. ಹಂಪಿ ದಾರಿಯ ಒಂದು ಹೊಟೇಲಿನವರು ಪಾರ್ಟಿ ಕೊಡುತ್ತಿದ್ದರು. ಬಾಡಿಗೆಗೆ ಬರುವ ಜನಕ್ಕೆ ಡ್ರೈವರುಗಳು ಪಾರ್ಟಿ ಅನ್ನುತ್ತಾರೆ, ನಾವೂ ಹಾಗೇ ಅನ್ನುತ್ತಿದ್ದೆವು.

ಕಿವಿ ಮಂದ ಅಂತ ನನಗೆ ಗೊತ್ತಿತ್ತು. ಮುಖಕ್ಕೆ ಮುಖ ಕೊಟ್ಟು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು. ಬೆನ್ನ ಹಿಂದೆ ಮಾತಾಡಿದರೆ ಗೋಡೆಗೆ ಮಾತಾಡಿದ ಹಾಗೆ. ಫೋನು ನಾನೇ ಎತ್ತುತ್ತಿದ್ದೆ. ಅವರು ಮಗ್ಗುಲಲ್ಲೇ ಕೂತು ಚಹಾ ಕುಡಿಯುತ್ತಿದ್ದರೂ "ಗಾಡಿ ಮ್ಯಾಲ ಅದಾರ್ರಿ, ನನಗ ಹೇಳ್ರಿ" ಅನ್ನುತ್ತಿದ್ದೆ. ಕಿವಿಗೆ ಹಾಕುವ ಮಿಷನ್ ತಂದಿದ್ದರು. ಒಂದು ವಾರ ಹಾಕಿಕೊಂಡು ತೆಗೆದು ಕಪಾಟಿನಲ್ಲಿಟ್ಟರು. "ಇದನ್ನ ನೋಡಿದ ಪಾರ್ಟಿ ನನ್ನ ಗಾಡಿ ಹತ್ತತಾರನು?" ಅಂದರು. ಅದೂ ಖರೆ ಅನ್ನಿಸಿತು. ಬಿಟ್ಟುಬಿಟ್ಟೆ.

ಒಂದು ದಿನ ಹೊಟೇಲಿನ ಮ್ಯಾನೇಜರ್ ಫೋನ್ ಮಾಡಿದ. ನಮ್ಮ ಮಗಳ ವಯಸ್ಸಿನ ಹುಡುಗ, ಮರ್ಯಾದಸ್ಥ.

"ಅಮ್ಮಾ, ನಿಮ್ಮ ಗಾಡಿ ಭಾಳ ಸದ್ದು ಮಾಡ್ತೈತಂತ್ರಿ. ಪಾರ್ಟಿಯವ್ರು ಕೇಳಿದ್ರ ನಿಮ್ಮ ಮನಿಯವ್ರು 'ಏನೂ ಇಲ್ಲ, ಮಸ್ತ್ ಐತಿ' ಅಂದ್ರಂತ. ಸದ್ದು ಕೇಳಾಕತ್ತೈತಿ, ಡ್ರೈವರ್ ಇಲ್ಲ ಅಂತಾನ ಅಂದ್ರ ಅವ್ರಿಗೆ ಅಂಜಿಕಿ ಬರಲ್ವೇನ್ರಿ? ಜಲ್ದಿ ನೋಡ್ರಿ. ಇನ್ನೊಮ್ಮೆ ಹಿಂಗಾದ್ರ ನಾನೂ ಏನೂ ಮಾಡಾಕ ಬರಂಗಿಲ್ಲ."

ಅದನ್ನು ಮನೆಯವರಿಗೆ ಹೇಳಿದೆ. ಮುಖ ಸಣ್ಣದಾಯಿತು.

"ಗ್ಯಾರೇಜಿಗೆ ಬಿಡ್ರಿ" ಅಂದೆ.

"ಗ್ಯಾರೇಜಿನ್ಯಾಗ ಮೊದ್ಲು ಏನ್ ಕೇಳ್ತಾರ? ಸದ್ದು ಹೆಂಗ ಬರ್ತೈತಿ, ಬ್ರೇಕ್ ಹಿಡಿದಾಗೋ, ತಿರುಗಿಸಿದಾಗೋ, ತಗ್ಗಿನ್ಯಾಗೋ ಅಂತ. ನಾ ಏನ್ ಹೇಳ್ಲಿ? ನನ್ನ ಹೆಂಡ್ತಿನ್ನ ಕೇಳ್ರಿ ಅನ್ಲ್ಯಾ?"

ಸ್ಟೇಷನ್ ಡ್ರೈವರುಗಳೆಲ್ಲ ಚಹಾಕ್ಕೆ ಕೂಡುವುದು ಆ ಗ್ಯಾರೇಜಿನ ಮುಂದೆಯೇ. ಅಲ್ಲಿ ಒಬ್ಬನಿಗೆ ಗೊತ್ತಾದರೆ ಸಂಜೆಯೊಳಗೆ ಹೊಟೇಲಿಗೂ ಗೊತ್ತಾಗುತ್ತದೆ. ಲಾರಿ ಕಾಲದಿಂದ ರಿಪೇರಿ ಅವರ ಕೈಯಲ್ಲಿತ್ತು, ಜಾಕಿ, ಪಾನಾ ಎಲ್ಲ ಮನೆಯಲ್ಲಿದ್ದವು. ಇಲ್ಲದ್ದು ಕಿವಿ ಒಂದೇ. ಅದು ನನ್ನದು ಅಂತಾಯಿತು.

ನನ್ನನ್ನು ಮುಂದೆ ಕೂರಿಸಿಕೊಂಡು ಕಂಪ್ಲಿ ದಾರಿಯಲ್ಲಿ ಹೊರಟರು. ತಗ್ಗು ಬಂದಲ್ಲಿ ಬೇಕಂತಲೇ ಇಳಿಸುತ್ತಿದ್ದರು. ಸದ್ದು ಬಂದ ಹಾಗೆ ನಾನು ಅವರ ಮೊಣಕಾಲಿನ ಮೇಲೆ ಬಡಿದು ತೋರಿಸಬೇಕು. ಒಂದು ಪೆಟ್ಟೋ, ಎರಡೋ, ಮೆತ್ತಗೋ, ಜೋರೋ. ಹತ್ತಿರದವರು ಯಾರಾದರೂ ನೋಡಿದ್ದರೆ ಈ ಮುದುಕಿ ಗಂಡನನ್ನು ಹೊಡೆಯುತ್ತಾಳೆ ಅಂದುಕೊಳ್ಳುತ್ತಿದ್ದರು.

ಗಾಡಿ ಪಕ್ಕಕ್ಕೆ ನಿಲ್ಲಿಸಿ ನನ್ನ ಕಡೆ ತಿರುಗಿದರು. "ಒಣ ಸದ್ದೋ, ಹಸಿ ಸದ್ದೋ?"

"ಸದ್ದಿನ್ಯಾಗ ಒಣಗಿದ್ದು, ಹಸೀದು ಇರ್ತಾವೇನ್ರಿ?"

"ಇರ್ತಾವ. ಕಬ್ಬಿಣ ಕಬ್ಬಿಣಕ್ಕ ಬಡಿದ್ರ ಒಣದು. ರಬ್ಬರ್ ತಿರುಚಿದ್ರ ಹಸೀದು, ಕಿರ್ ಅಂತೈತಿ."

"ಹಂಗಾರ ಒಣದು. ಗಡಕ್ ಅಂತೈತಿ."

"ಎಲ್ಲಿಂದ ಬರ್ತೈತಿ?"

"ಕೆಳಗಿಂದ."

"ಲೇ, ಕೆಳಗಿಂದ ಬರ್ಲಾರದ ಮ್ಯಾಲಿಂದ ಬರ್ತೈತೇನು? ಎಡಕ್ಕೋ, ಬಲಕ್ಕೋ?"

ನನಗೆ ಏನು ಗೊತ್ತು. ಕಿವಿ ಇತ್ತು, ಬುದ್ಧಿ ಇರಲಿಲ್ಲ. ಎಡಕ್ಕೆ ಅಂದೆ. ನಾನು ಕೂತಿದ್ದೇ ಎಡಕ್ಕೆ.

ಮನೆ ಮುಂದೆ ಗಾಡಿ ನಿಲ್ಲಿಸಿ, ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಮುಂದಿನ ಎಡಗಾಲಿಯ ಕಡೆ ಜಾಕಿ ಹಚ್ಚಿದರು. ಗಾಲಿಯ ಹಿಂದೆ ಒಂದು ಸಣ್ಣ ಸರಳು ಇರುತ್ತದೆ, ಲಿಂಕ್ ರಾಡ್ ಅನ್ನುತ್ತಾರೆ. ಅದರ ಗುಂಡು ಸಡಿಲಾದರೆ ಹೀಗೇ ಬಡಿಯುತ್ತದಂತೆ. ಹೊಸದು ತಂದು ಹಾಕಿದರು. ಗಾಡಿಯ ಮೂತಿಯನ್ನು ಕೈಯಿಂದ ಒತ್ತಿ ಬಿಟ್ಟು ನನ್ನ ಮುಖ ನೋಡಿದರು.

"ಈಗ?"

"ಈಗಿಲ್ಲ" ಅಂದೆ. ನಿಂತ ಗಾಡಿಯಲ್ಲಿ ಮೊದಲೂ ಇರಲಿಲ್ಲ. ಆದರೆ ಬಿಸಿಲಲ್ಲಿ ಅಷ್ಟು ಹೊತ್ತು ನೆಲಕ್ಕೆ ಬೆನ್ನು ಹಚ್ಚಿದ ಮನುಷ್ಯನಿಗೆ ಬೇರೆ ಏನು ಹೇಳಲಿ.

ಮರುದಿನ ರಸ್ತೆಗೆ ಹೋದರೆ ಸದ್ದು ಹಾಗೇ ಇತ್ತು. ಬಲಗಡೆಯ ಲಿಂಕ್ ರಾಡೂ ಹೊಸದಾಯಿತು. ಸದ್ದು ಹಾಗೇ. ಹಾರೆ ಕೊಟ್ಟು ಒಂದೊಂದು ಜಾಯಿಂಟ್ ಮೀಟಿ ನೋಡಿದರು, ಯಾವುದೂ ಅಲುಗಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕಬ್ಬಿಣಕ್ಕಿಟ್ಟು ಹಿಡಿಕೆಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಕೊಂಡರು. ಲಾರಿ ಕಾಲದಲ್ಲಿ ಹಾಗೆ ಮಾಡಿ ಎಂಜಿನ್ನಿನ ಒಳಗಿನದು ಹೇಳುತ್ತಿದ್ದರಂತೆ. ನಾನು ಗಾಡಿಯನ್ನು ಅಲ್ಲಾಡಿಸಿದೆ. ಅವರು ಕಣ್ಣು ಮುಚ್ಚಿ ಬಹಳ ಹೊತ್ತು ಕೂತರು. ಆಮೇಲೆ ಸ್ಕ್ರೂಡ್ರೈವರ್ ಚೀಲಕ್ಕೆ ಹಾಕಿ ಒಳಗೆ ಹೋಗಿ ಮಲಗಿದರು. ಊಟಕ್ಕೆ ಕರೆದರೆ ಏಳಲಿಲ್ಲ. ಮುಖ ಗೋಡೆಯ ಕಡೆ ಇತ್ತು, ಕರೆದದ್ದು ತಿಳಿಯಲಿಲ್ಲವೋ, ತಿಳಿದೂ ಏಳಲಿಲ್ಲವೋ ಗೊತ್ತಿಲ್ಲ.

ಎದುರು ಮನೆಯವಳು ದಿನಾ ನಮ್ಮ ಓಡಾಟ ನೋಡುತ್ತಿದ್ದಳು. ನೀರು ಹಿಡಿಯುವಾಗ ಕೆಣಕಿದಳು.

"ಏನಕ್ಕಾ, ಮೊಮ್ಮಕ್ಕಳು ಕಂಡ ಮ್ಯಾಲ ಗಂಡ ಹೆಂಡ್ತಿ ದಿನಾ ಕಾರಿನ್ಯಾಗ ಹವಾ ತಿನ್ನಾಕ ಹೊಂಟೀರಿ?"

"ಹೂನವ್ವ. ನಿನ್ನ ಗಂಡಗ ಸೈಕಲ್ ಐತಲ್ಲ, ನೀನೂ ಹಿಂದ ಕುಂತು ಹೋಗು."

"ನನ್ನ ಗಂಡ ಕುಂದ್ರಸ್ಕೊಂಡ್ರ ಸೈಕಲ್ ಏಳಬೇಕಲ್ಲ!" ಅಂತ ನಕ್ಕಳು. ನಾನೂ ನಕ್ಕೆ. ಏನು ಕಷ್ಟ ಅಂತ ಅವಳಿಗೂ ಹೇಳುವ ಹಾಗಿರಲಿಲ್ಲ.

ಮತ್ತೊಂದು ಪಾರ್ಟಿ ಹಂಪಿ ನೋಡಿ ಬಂದು ಹೊಟೇಲಿನಲ್ಲಿ ಅದೇ ಸದ್ದಿನ ದೂರು ಹೇಳಿತು. ಮ್ಯಾನೇಜರ್ ಫೋನಿನಲ್ಲಿ ಈ ಸಲ ಅಮ್ಮಾ ಅನ್ನಲಿಲ್ಲ. "ಶನಿವಾರ ದೊಡ್ಡ ಪಾರ್ಟಿ ಬರ್ತೈತಿ. ಅಷ್ಟ್ರಾಗ ಗಾಡಿ ರಿಪೇರಿ ಆಗಿ ಸುದ್ದ ಆದ್ರ ಹೇಳ್ರಿ, ಇಲ್ಲಂದ್ರ ಬ್ಯಾರೆದವ್ರಿಗೆ ಹೇಳ್ತೀನಿ" ಅಂದ.

ಮರುದಿನ ಮುಂಜಾನೆ ಹಿಂದಿನ ಸೀಟಿನ ಬಿಳಿ ಟವೆಲ್ ಒಗೆದು ಹಾಸುತ್ತಿದ್ದೆ. ಆ ಸೀಟು ಪಾರ್ಟಿಯದು. ಮನೆಯವರು ಯಾರೂ ಅಲ್ಲಿ ಕೂರುವ ಹಾಗಿಲ್ಲ, ಅದು ನಮ್ಮಲ್ಲಿ ಕಟ್ಟಳೆಯೇ ಆಗಿತ್ತು. ಕಂಪ್ಲಿಯಿಂದ ಮಗಳನ್ನು ಬಾಣಂತನಕ್ಕೆ ಕರೆದು ತರುವಾಗ ಒಮ್ಮೆ ಮಾತ್ರ ಟವೆಲ್ ತೆಗೆದು ಅವಳನ್ನು ಅಲ್ಲಿ ಕೂರಿಸಿದ್ದರು. ನಾನಂತೂ ಒಮ್ಮೆಯೂ ಕೂತವಳಲ್ಲ. ಟವೆಲ್ ಹಾಸುತ್ತಾ ತಲೆಗೆ ಬಂತು. ದೂರು ಹೇಳಿದವರೆಲ್ಲ ಕೂತದ್ದು ಇಲ್ಲಿ. ನಾವಿಬ್ಬರೂ ಮುಂದೆ ಕೂತು ಮುಂದಿನದನ್ನೇ ಬಿಚ್ಚಿದ್ದೇ ಬಿಚ್ಚಿದ್ದು.

"ಇವತ್ತು ನಾ ಹಿಂದ ಕುಂದರ್ತೀನಿ" ಅಂದೆ.

"ಅದು ಪಾರ್ಟಿ ಸೀಟು."

"ಪಾರ್ಟಿನ ಇರಂಗಿಲ್ಲ ಇನ್ನ, ಕುಂದರ್ತೀನಿ ಬಿಡ್ರಿ."

ಅವರೇ ಟವೆಲ್ ಮಡಚಿ ಪಕ್ಕಕ್ಕಿಟ್ಟು, "ಹತ್ತು" ಅಂದರು.

ಸಂಡೂರು ದಾರಿ ಹಿಡಿದೆವು. ಅದಿರಿನ ಟಿಪ್ಪರುಗಳು ಓಡಿ ಕಿತ್ತುಹೋದ ರಸ್ತೆ ಅಂತಲೇ ಅದನ್ನು ಆರಿಸಿದ್ದು. ಮೊದಲ ತಗ್ಗಿಗೇ ಸದ್ದು ನನ್ನ ಬೆನ್ನ ಹಿಂದೆ, ಬಲಗಡೆ, ಸುತ್ತಿಗೆಯಿಂದ ಹೊಡೆದ ಹಾಗೆ ಬಂತು. ಮುಂದೆ ಕೂತಾಗ ಕೇಳಿದ್ದು ಇದರ ಕಾಲು ಭಾಗವೂ ಅಲ್ಲ.

"ಸಿಕ್ತು! ಹಿಂದೈತ್ರಿ, ಬಲಕ್ಕ!" ಅಂದೆ. ಅವರು ಓಡಿಸುತ್ತಲೇ ಇದ್ದರು. ಕೂಗಿದೆ. ಕೇಳಲಿಲ್ಲ. ಅವರಿಗೆ ನನ್ನ ತುಟಿ ಕಾಣುತ್ತಿರಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಟಿಪ್ಪರ್ ಹಾರ್ನ್ ಹೊಡೆಯಿತು. ನಾವು ರಸ್ತೆಯ ನಡುವೆ ಇದ್ದೆವು. ಸರಿಯಲಿಲ್ಲ. ಮತ್ತೆ ಹೊಡೆಯಿತು, ಕೈ ಎತ್ತದೆ ಹೊಡೆಯಿತು. ನನ್ನ ಹಲ್ಲು ಅದುರುವಷ್ಟು ಸದ್ದು. ಅವರ ಕತ್ತು ಅಲುಗಲಿಲ್ಲ. ಮುಂದಿನ ತಗ್ಗನ್ನು ಹುಡುಕುತ್ತಿದ್ದರು, ಕನ್ನಡಿ ನೋಡಲಿಲ್ಲ. ನಾನು ಮುಂದಕ್ಕೆ ಬಾಗಿ ಅವರ ಹೆಗಲು ಹಿಡಿದು ಎಡಕ್ಕೆ ಎಳೆದೆ. ಗಾಡಿ ರಸ್ತೆ ಬಿಟ್ಟು ಕೆಂಪು ಮಣ್ಣಿಗೆ ಇಳಿಯಿತು. ಟಿಪ್ಪರ್ ಬಲಗಡೆಯ ಕನ್ನಡಿಯನ್ನು ಮಡಚಿಕೊಂಡು ಹೋಯಿತು.

ಅದರ ಡ್ರೈವರ್ ತಲೆ ಹೊರಗೆ ಹಾಕಿ ಬೈದ. "ಏ ಮುದುಕಾ, ಕಿವಿ ಮನಿಯಾಗ ಬಿಚ್ಚಿಟ್ಟು ಬಂದೀಯೇನಲೇ!"

ನಮ್ಮವರು ಗಾಡಿ ನಿಲ್ಲಿಸಿ ಕನ್ನಡಿಯನ್ನು ಸರಿಮಾಡಿದರು. ನನ್ನ ಕಡೆ ತಿರುಗಿ, "ನೋಡಿದ್ಯಾ, ಇವ್ರು ಹಿಂಗ. ಒಂದು ಹಾರ್ನ್ ಹೊಡಿಲಾರದ ಮೈಮ್ಯಾಲ ಬರ್ತಾರ" ಅಂದರು.

ಇಷ್ಟು ದಿನ ಮುಂದೆ ಕೂತು ಹೋಗುವಾಗ ಹಾರ್ನ್ ಕೇಳಿದರೆ ನಾನು ಹಿಂದೆ ತಿರುಗಿ ನೋಡುತ್ತಿದ್ದೆ, ಅವರು ಸೈಡ್ ಕೊಡುತ್ತಿದ್ದರು. ಅವರಿಗೆ ಕೇಳಿಸಿತು ಅಂತ ತಿಳಿದಿದ್ದೆ. ಅವರು ನೋಡುತ್ತಿದ್ದದ್ದು ನನ್ನ ಕತ್ತನ್ನು. ಹಾರ್ನಿನಷ್ಟು ದೊಡ್ಡದೂ ಕೇಳುವುದಿಲ್ಲ ಅಂತ ನನಗೆ ಗೊತ್ತಿರಲಿಲ್ಲ. ಬಂಡ್ರಿಯಿಂದ ಈ ಮನೆಗೆ ಮದುವೆಯಾಗಿ ಬಂದಾಗಿನಿಂದ ಒಂದೇ ಸೂರಿನಡಿ ಇದ್ದೂ ಗೊತ್ತಿರಲಿಲ್ಲ. ಪಾರ್ಟಿಯನ್ನು ಕೂರಿಸಿಕೊಂಡು ಹೋಗುವಾಗ ಯಾರ ಕತ್ತು ನೋಡುತ್ತಿದ್ದರು?

"ಸದ್ದು ಎಲ್ಲೈತಿ?" ಅಂತ ಕೇಳಿದರು.

"ಹಿಂದ, ಬಲಕ್ಕ" ಅಂದೆ.

ಮನೆಗೆ ಬಂದು ಡಿಕ್ಕಿ ಖಾಲಿ ಮಾಡಿ, ಒಳಗಿನ ಹಾಸು ಎತ್ತಿದರು. ಹಿಂದಿನ ಶಾಕ್ ಅಬ್ಸಾರ್ಬರಿನ ತಲೆ ಅಲ್ಲಿರುತ್ತದೆ, ನಟ್ಟು ಹಾಕಿ ಬಿಗಿದಿರುತ್ತಾರೆ. ಅದರ ಮೇಲೆ ಅಂಗೈ ಇಟ್ಟು ನನಗೆ ಗಾಡಿ ಅಲ್ಲಾಡಿಸು ಅಂದರು. ಬಂಪರ್ ಮೇಲೆ ನಿಂತು ಜಗ್ಗಿದೆ. ಅವರ ಮುಖ ಬದಲಾಯಿತು.

"ಬಡಿತೈತಿ ನೋಡು! ಕೈಗೆ ಬಡಿತೈತಿ! ರಬ್ಬರ್ ಸತ್ತು ಹೋಗೈತಿ!"

ಬಿಚ್ಚಿದರು. ರಬ್ಬರ್ ಬುಷ್ ಹಳೆಯ ಚಪ್ಪಲಿಯ ಹಾಗೆ ಹರಿದು ಪುಡಿಯಾಗಿತ್ತು. ಅದನ್ನು ನನ್ನ ಕೈಗೆ ಕೊಟ್ಟು ತಾವೇ ಅಂಗಡಿಗೆ ಹೋಗಿ ಹೊಸದು ತಂದರು. ಇಳಿಹೊತ್ತಿಗೆ ಕೂರಿಸಿ ಬಿಗಿದರು. ಕೈಯೆಲ್ಲ ಎಣ್ಣೆ, ಮುಖದಲ್ಲಿ ನಗು. ಸದ್ದು ಹುಡುಕಲು ಹೊರಟ ದಿನದಿಂದ ಆ ನಗು ಕಂಡಿರಲಿಲ್ಲ.

ಮತ್ತೆ ನನ್ನನ್ನು ಹಿಂದೆ ಕೂರಿಸಿಕೊಂಡು ಓಣಿ ಸುತ್ತಿ, ಕಾಲುವೆಯ ತಗ್ಗು ಇಳಿಸಿ ಹತ್ತಿಸಿದರು. ಬರೀ ಟೈರಿನ ಸದ್ದು. ಗಾಡಿ ನಿಲ್ಲಿಸಿ ಒಳಗಿನ ಕನ್ನಡಿಯನ್ನು ನನ್ನ ಮುಖ ಕಾಣುವ ಹಾಗೆ ತಿರುಗಿಸಿದರು.

"ಹೋತಾ?"

ಹೋಗಿಲ್ಲ ಅನ್ನಬಹುದಿತ್ತು. ಅಂದಿದ್ದರೆ ನಂಬುತ್ತಿದ್ದರು, ಅವರ ಕಿವಿ ನಾನೇ. ಶನಿವಾರ ಗಾಡಿಯ ಕೆಳಗೇ ಮಲಗಿರುತ್ತಿದ್ದರು, ಪಾರ್ಟಿ ಬೇರೆಯವರಿಗೆ ಹೋಗುತ್ತಿತ್ತು. ಆದರೆ ಎಷ್ಟು ದಿನ ಹಾಗೆ ಅನ್ನುವುದು. ಕನ್ನಡಿಯಲ್ಲಿ ಅವರ ಕಣ್ಣು ನನ್ನ ತುಟಿಯ ಮೇಲೆ ಇತ್ತು.

"ಹೋತು" ಅಂದೆ.

"ಹಂಗಾರ ಮ್ಯಾನೇಜರಿಗೆ ಫೋನ್ ಮಾಡು."

"ನಾಳೆ ಮಾಡ್ತೀನಿ."

ಮನೆಗೆ ಬಂದ ಮೇಲೆ ಹೇಳಿ ನೋಡಿದೆ. ಎದುರಿಗೆ ಕೂತು, ಬಿಡಿಸಿ ಬಿಡಿಸಿ ಹೇಳಿದೆ. "ಟಿಪ್ಪರ್ ಹಾರ್ನ್ ಹೊಡೀತು. ಒಂದಲ್ಲ, ಹೊಡದೇ ಹೊಡೀತು."

"ಇಲ್ಲ."

"ನನ್ನ ಕಿವಿ ಗಾಡಿ ಸದ್ದಿಗೆ ನಂಬಿದ್ರಿ, ಇದಕ್ಕ ನಂಬಂಗಿಲ್ಲೇನು?"

ಮುಖವನ್ನು ಟಿವಿಯ ಕಡೆ ತಿರುಗಿಸಿಬಿಟ್ಟರು. ಆ ಕಡೆ ತಿರುಗಿದರೆ ಮುಗಿಯಿತು, ಆಮೇಲೆ ನಾನು ಏನು ಹೇಳಿದರೂ ಅವರಿಗೆ ಮುಟ್ಟುವುದಿಲ್ಲ. ಎದ್ದು ರೊಟ್ಟಿ ತಟ್ಟಿದೆ.

ಮರುದಿನ ಬೆಳಿಗ್ಗೆ ದಿನದ ಹಾಗೆ ಎದ್ದು ಗಾಡಿ ಒರೆಸಿದೆ, ಹಿಂದಿನ ಸೀಟಿಗೆ ಟವೆಲ್ ಹಾಸಿದೆ, ಅವರಿಗೆ ಚಹಾ ಕೊಟ್ಟೆ. ಫೋನ್ ಮಾಡಲಿಲ್ಲ. ತರಕಾರಿಗೆ ಅಂತ ಹೇಳಿ ಶೇರ್ ಆಟೋ ಹಿಡಿದು ಹೊಟೇಲಿಗೆ ಹೋದೆ. ಮ್ಯಾನೇಜರ್ ಬಾಗಿಲಲ್ಲೇ ಇದ್ದ. "ಬರ್ರಿ ಅಮ್ಮಾ, ಕುಂದ್ರಿ. ಸುದ್ದ ಆತೇನ್ರಿ ಗಾಡಿ?" ಅಂದ. ಕೂರಲಿಲ್ಲ. ಗಾಡಿ ಸುದ್ದ ಆಗೈತಪ್ಪ, ನಮ್ಮ ಮನಿಯವ್ರಿಗೆ ಕಿವಿ ಕೇಳಂಗಿಲ್ಲ, ಗಾಡಿ ಬೇಕಾದ್ರ ತಗೋ, ಡ್ರೈವರ್ ಬ್ಯಾರೆಯವ್ರನ್ನ ನೋಡು ಅಂತ ನಿಂತುಕೊಂಡೇ ಹೇಳಿದೆ.