ಬಿಚ್ಚದೇ ಉಳಿದ ಗೇರ್‌ಬಾಕ್ಸ್

ಚಿಕ್ಕಂದಿನಲ್ಲೇ ಪೋಲಿಯೋ ಬಂದು ಅವಳ ಎಡಗಾಲು ಸೋತಿತ್ತು. ಕ್ಲಚ್ ತುಳಿಯಲಾಗದವಳಿಗೆ ಡ್ರೈವಿಂಗ್ ಯಾಕೆ ಎಂದು ಎರಡು ಡ್ರೈವಿಂಗ್ ಶಾಲೆಯವರು ಬಾಗಿಲಿನಿಂದಲೇ ಕಳಿಸಿದ್ದರು. ಆಗ ಅಕ್ಕನ ಗಂಡ ಎಲ್ಲಿಂದಲೋ ಒಂದು ಹಳೆಯ ಆಟೋಮ್ಯಾಟಿಕ್ ವ್ಯಾನು ಹುಡುಕಿ ತಂದ. "ಇದರಲ್ಲಿ ಎಡಗಾಲಿಗೆ ಕೆಲಸವೇ ಇಲ್ಲ ಕಣಮ್ಮ. ಅದು ಆರಾಮಾಗಿ ಕೂತಿರ್ಲಿ, ಬಲಗಾಲು ದುಡೀಲಿ" ಎಂದು ತಿಂಗಳುಗಟ್ಟಲೆ ಖಾಲಿ ಮೈದಾನದಲ್ಲಿ ಪಕ್ಕದಲ್ಲಿ ಕುಳಿತು ಕಲಿಸಿದ. ಸಣ್ಣ ಗ್ಯಾರೇಜು ಅವನದು. ಹಿಂದಿನ ಸೀಟು ಕಿತ್ತು, ಗಾಲಿಕುರ್ಚಿ ಏರಿಸಲು ಮಡಚುವ ಹಲಗೆಯೊಂದನ್ನು ಬೆಸುಗೆ ಹಾಕಿ ಕೊಟ್ಟವನೂ ಅವನೇ. ಅವಳಿಗೆ ಭಾವನ ಮಾತೆಂದರೆ ಕಲ್ಲಿನ ಮೇಲೆ ಕೊರೆದಂತೆ.

ಆ ವ್ಯಾನಿನಲ್ಲಿ ಅವಳು ಹದಿನಾಲ್ಕು ವರ್ಷ ಕಿಡ್ನಿ ಕೆಟ್ಟವರನ್ನು ಡಯಾಲಿಸಿಸ್ ಕೇಂದ್ರಕ್ಕೆ ಒಯ್ದಳು, ತಂದಳು. ರೋಗಿಗಳೆಲ್ಲ ಅವಳನ್ನು ವ್ಯಾನಮ್ಮ ಎನ್ನುತ್ತಿದ್ದರು. ಯಾರಿಗೆ ಯಾವ ಕೈಯಲ್ಲಿ ಸೂಜಿ, ಯಾರಿಗೆ ವಾಪಸು ಬರುವಾಗ ತಲೆ ಸುತ್ತುತ್ತದೆ, ಯಾರ ಮನೆ ಮುಂದೆ ಎಷ್ಟು ಮೆಟ್ಟಿಲು, ಎಲ್ಲ ಅವಳಿಗೆ ಬಾಯಿಪಾಠ.

ಎರಡು ವರ್ಷದ ಹಿಂದೆ ಗೇರು ಬದಲಾಗುವಾಗ ವ್ಯಾನು ಜಗ್ಗತೊಡಗಿತ್ತು. ಭಾವ ಅದನ್ನು ಒಂಬತ್ತು ದಿನ ಗ್ಯಾರೇಜಿನಲ್ಲಿ ಇಟ್ಟುಕೊಂಡ. ಕೀಲಿ ಕೈಗಿಡುತ್ತಾ, "ಗೇರ್‌ಬಾಕ್ಸ್ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿದೀನಿ. ಇನ್ನು ಹತ್ತು ವರ್ಷ ನನ್ನನ್ನ ಕೇಳ್ಬೇಡ" ಎಂದ. ಜಗ್ಗುವುದೂ ನಿಂತಿತ್ತು.

ಈ ಸಲ ಸೇತುವೆಯ ಏರಿನಲ್ಲಿ ಎಂಜಿನ್ನು ಅಬ್ಬರಿಸಿತೇ ಹೊರತು ಚಕ್ರಕ್ಕೆ ಎಳೆತವೇ ಸಿಗಲಿಲ್ಲ. ನಿಂತಲ್ಲೇ ನಿಂತ ವ್ಯಾನು ಮೆಲ್ಲಗೆ ಹಿಂದಕ್ಕೆ ಜಾರಿತು. ಹಿಂದೆ ಲಾರಿ. ಒಳಗೆ ಡಯಾಲಿಸಿಸ್ ಮುಗಿಸಿ ಸುಸ್ತಾಗಿ ಒರಗಿದ್ದ ನಿವೃತ್ತ ಮೇಷ್ಟ್ರು, ಗಾಲಿಕುರ್ಚಿಯಲ್ಲಿ ಒಬ್ಬಳು ಅಜ್ಜಿ. ಬ್ರೇಕು ಒತ್ತಿ ಹ್ಯಾಂಡ್‌ಬ್ರೇಕ್ ಎಳೆದಾಗ ಲಾರಿಯ ಮೂತಿಗೂ ವ್ಯಾನಿನ ಬೆನ್ನಿಗೂ ಮೊಳದಷ್ಟೇ ಅಂತರ.

ಮೇಷ್ಟ್ರು, "ಈ ವ್ಯಾನಿಗೂ ವಾರಕ್ಕೆ ಮೂರು ಸಲ ನಮ್ಮ ಜೊತೆ ಡಯಾಲಿಸಿಸ್ ಹಾಸಿಗೆ ಕೊಡಿಸಮ್ಮ" ಎಂದರು. ಅಜ್ಜಿ ನಕ್ಕಳು. ವ್ಯಾನಮ್ಮನಿಗೆ ನಗು ಬರಲಿಲ್ಲ.

ಇಬ್ಬರನ್ನೂ ಬೇರೆ ಗಾಡಿಗೆ ಹತ್ತಿಸಿ, ವ್ಯಾನನ್ನು ಎಳೆಸಿಕೊಂಡು ಹೋಗಿದ್ದು ಸೇತುವೆಯ ಆಚೆಗಿದ್ದ ಗೇರ್‌ಬಾಕ್ಸ್ ಅಂಗಡಿಗೆ. ಅಲ್ಲಿನವನು ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ನೇತುಹಾಕಿಕೊಂಡ, ಮಾತು ಕಡಿಮೆಯ ಮನುಷ್ಯ. ಗೇರ್‌ಬಾಕ್ಸಿನ ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ಒರೆಸಿ ತೋರಿಸಿದ. ಕೆಂಪಗಿರಬೇಕಾದದ್ದು ಕಾಡಿಗೆಯಂತಿತ್ತು, ಸುಟ್ಟ ವಾಸನೆ.

"ಎರಡು ದಾರಿ ಇದೆ ನೋಡಿ. ವಾಲ್ವ್ ಬದಲಾಯಿಸಿ, ಎಣ್ಣೆ ಹಾಕಿ ಕೊಡ್ತೀನಿ, ನಾಳೆ ಒಯ್ಯಬಹುದು. ಮೂರು ತಿಂಗಳು ಓಡುತ್ತೋ ಮೂರು ದಿನವೋ ಹೇಳೋಕಾಗಲ್ಲ. ಇಲ್ಲಾ ಪೂರ್ತಿ ಇಳಿಸಿ ಹೊಸದಾಗಿ ಕಟ್ಟಬೇಕು. ಎರಡು ವಾರ ಬೇಕು."

"ಎರಡು ವರ್ಷದ ಹಿಂದೆ ನಮ್ಮ ಭಾವ ಪೂರ್ತಿ ಕಟ್ಟಿದಾರಲ್ಲ" ಎಂದಳು ಅವಳು, ಸ್ವಲ್ಪ ಹೆಮ್ಮೆಯಿಂದಲೇ.

ಅವನು ಎತ್ತಿ ನಿಲ್ಲಿಸಿದ್ದ ವ್ಯಾನಿನ ಕೆಳಗೆ ಕರೆದು ಟಾರ್ಚು ಹಿಡಿದ. ಗೇರ್‌ಬಾಕ್ಸನ್ನು ಬಿಗಿದಿದ್ದ ಹನ್ನೆರಡು ಬೋಲ್ಟುಗಳಲ್ಲೂ, ತಲೆಯಿಂದ ಪೆಟ್ಟಿಗೆಯ ಮೈಗೆ ಸಣ್ಣ ಹಳದಿ ಗೆರೆ. "ಕಾರ್ಖಾನೆಯಲ್ಲಿ ಬಿಗಿ ಮಾಡಿದಾಗ ಎಳೆದಿರೋ ಬಣ್ಣ ಇದು. ಒಂದು ಸಲ ಬಿಚ್ಚಿದ್ರೂ ಮುರಿಯುತ್ತೆ. ಒಂದೂ ಮುರಿದಿಲ್ಲ. ಕೆಳಗಿನ ತಟ್ಟೆ ಇಳಿಸಿ ಎಣ್ಣೆ, ಫಿಲ್ಟರ್ ಬದಲಾಯಿಸಿದಾರೆ, ಅಷ್ಟೇ. ಅದಕ್ಕೇ ಒಂದಷ್ಟು ದಿನ ಸುಮ್ಮನಿದ್ದಿದ್ದು."

ಅವಳು ಹನ್ನೆರಡು ಗೆರೆಗಳನ್ನೂ ಬೆರಳಿನಿಂದ ಮುಟ್ಟಿ ನೋಡಿದಳು.

ಭಾವನ ಗ್ಯಾರೇಜಿಗೆ ಹೋದಾಗ ಅವನು ಮೇಜಿನ ಮುಂದೆ ಊಟಕ್ಕೆ ಕುಳಿತಿದ್ದ, ಅಕ್ಕ ಬುತ್ತಿ ಬಿಚ್ಚುತ್ತಿದ್ದಳು. ಅವಳು ಕೂಗಾಡಲಿಲ್ಲ. "ಭಾವ, ಆ ಗೇರ್‌ಬಾಕ್ಸ್ ನೀವು ಬಿಚ್ಚಿದ್ರಾ?" ಎಂದಷ್ಟೇ ಕೇಳಿದಳು.

ಉತ್ತರ ಬಂದದ್ದು ಅಕ್ಕನಿಂದ. "ಒಂಬತ್ತು ದಿನಾನೂ ಅದರ ಕೆಳಗೆ ಮಲಗಿ ನೋಡ್ತಾ ಇದ್ರು ಕಣೇ. ಮುಟ್ಟೋಕೆ ಧೈರ್ಯ ಬರಲಿಲ್ಲ." ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

"ನಿನಗೂ ಗೊತ್ತಿತ್ತಾ?"

ಅಕ್ಕ ಡಬ್ಬಿಯ ಮುಚ್ಚಳ ಹುಡುಕತೊಡಗಿದಳು. ಅದು ಅವಳ ಕೈಯಲ್ಲೇ ಇತ್ತು.

"ಆಟೋಮ್ಯಾಟಿಕ್ಕು ನಾನು ಯಾವತ್ತೂ ಬಿಚ್ಚಿಲ್ಲಮ್ಮ" ಎಂದ ಭಾವ. "ಬಿಚ್ಚಿದ್ರೆ ಮತ್ತೆ ಜೋಡಿಸೋಕೆ ಬರಲ್ಲ ಅಂತ ಭಯ. ನನಗೆ ಬರದ ಕೆಲಸವೇ ಇಲ್ಲ ಅಂತ ನೀನು ಊರಿಗೆಲ್ಲ ಹೇಳ್ಕೊಂಡು ತಿರುಗ್ತಿದ್ದೆ. ಯಾವ ಬಾಯಲ್ಲಿ ಇಲ್ಲ ಅನ್ಲಿ?"

"ಇಲ್ಲ ಅಂದಿದ್ರೆ ಬೇರೆ ಕಡೆ ಹೋಗ್ತಿದ್ದೆ. ಅಷ್ಟೇ ಅಲ್ವಾ? ಎರಡು ವರ್ಷ ಆ ಏರಿನಲ್ಲಿ ಕಾಯಿಲೆಯವರನ್ನ ಕೂರಿಸ್ಕೊಂಡು ಹೋಗಿದೀನಿ. ಪ್ರತಿ ಸಲ, ನಮ್ಮ ಭಾವ ಕಟ್ಟಿದ್ದು, ಏನೂ ಆಗಲ್ಲ ಅಂದ್ಕೊಂಡು ಹೋಗಿದೀನಿ."

"ಆಗಿದ್ದು ಆಗ್ಹೋಯ್ತು. ಈಗ ವಾಲ್ವ್ ಬದಲಾಯಿಸ್ಕೊಂಡು ಓಡ್ಸು. ಹಳೇ ಗಾಡಿ, ಅದಕ್ಕೆ ಯಾಕೆ ಅಷ್ಟೆಲ್ಲ..."

ಅಲ್ಲಿಯವರೆಗೂ ಅವಳಿಗೆ ಎರಡು ಮನಸ್ಸಿತ್ತು. ಎರಡು ವಾರ ರೋಗಿಗಳ ಗತಿಯೇನು ಎಂಬ ಚಿಂತೆ ಇತ್ತು. ಆ ಮಾತು ಕೇಳಿದ ಕ್ಷಣ ನಿರ್ಧಾರವಾಯಿತು. ಇನ್ನೊಂದು ಸಲ ಮೇಲೆ ಮೇಲೆ ತೇಪೆ ಹಾಕಿದ ಗಾಡಿಯಲ್ಲಿ ಯಾರನ್ನೂ ಕೂರಿಸುವುದಿಲ್ಲ. ರೋಗಿಗಳಿಗೆಲ್ಲ ಫೋನು ಮಾಡಿ, ಬೇರೆ ಚಾಲಕನೊಬ್ಬನನ್ನು ಗೊತ್ತು ಮಾಡಿ, ಯಾರ ಮನೆಯ ಮೆಟ್ಟಿಲು ಎಷ್ಟು ಎಂದು ಬರೆದುಕೊಟ್ಟಳು.

ಗೇರ್‌ಬಾಕ್ಸ್ ಬಿಚ್ಚುವ ದಿನ ಬೆಂಚಿನ ಪಕ್ಕ ಸ್ಟೂಲು ಹಾಕಿಕೊಂಡು ಕುಳಿತಳು. ತುಳಿಯುವ ಕ್ಲಚ್ ಇಲ್ಲದ ಗಾಡಿಯಾದರೂ ಪೆಟ್ಟಿಗೆಯೊಳಗಿನಿಂದ ಉಂಗುರದಂಥ ಕ್ಲಚ್ ಪ್ಲೇಟುಗಳು ಒಂದೊಂದಾಗಿ ಹೊರಬಂದವು. ಅರ್ಧದಷ್ಟು ಸುಟ್ಟು ಕರಿಬಳೆಯಾಗಿದ್ದವು. ಅಂಗಡಿಯವನು ತಾನಾಗಿಯೇ ಪ್ರತಿಯೊಂದನ್ನೂ ಅವಳ ಕೈಗೆ ಕೊಟ್ಟು ವಾಪಸು ತೆಗೆದುಕೊಳ್ಳುತ್ತಿದ್ದ.

ಮೂರನೆಯ ದಿನ ಭಾವ ಬಂದು ಬಾಗಿಲಲ್ಲಿ ನಿಂತ. ಬೆಂಚಿನ ಮೇಲೆ ಬಿಚ್ಚಿಟ್ಟಿದ್ದ ಭಾಗಗಳನ್ನು ನೋಡಿ, "ಜೋಡ್ಸೋದು ನಾನೂ ನೋಡ್ಬಹುದಾ?" ಎಂದು ಅಂಗಡಿಯವನನ್ನು ಕೇಳಿದ. ಐವತ್ತೆಂಟರ ಮನುಷ್ಯ, ಕೈಕಟ್ಟಿ ನಿಂತಿದ್ದ. ಅಂಗಡಿಯವನು ಅವಳ ಮುಖ ನೋಡಿದ.

"ತೋರಿಸಿ. ಕಲೀಲಿ" ಎಂದಳು ಅವಳು. "ನನ್ನ ಗಾಡಿ ಮಾತ್ರ ಮುಟ್ಟೋದು ಬೇಡ."

ಹದಿಮೂರನೆಯ ದಿನ ವ್ಯಾನು ರಸ್ತೆಗಿಳಿಯಿತು. ಬೆಣ್ಣೆಯಿಂದ ಕೂದಲು ತೆಗೆದಂತೆ ಗೇರು ಬದಲಾಗುತ್ತಿತ್ತು. ಸಂಜೆ ಅಕ್ಕ ಫೋನು ಮಾಡಿದಳು.

"ಗಾಡಿ ಹ್ಯಾಗಿದೆಯೇ?"

"ಚೆನ್ನಾಗಿದೆ."

"ಭಾನುವಾರ ಊಟಕ್ಕೆ ಬಾ. ಅವರೂ ಕಾಯ್ತಿದಾರೆ."

ಹದಿನಾಲ್ಕು ವರ್ಷದಲ್ಲಿ ಅವಳು ತಪ್ಪಿಸಿದ ಭಾನುವಾರದ ಊಟ ಬೆರಳೆಣಿಕೆಯಷ್ಟೂ ಇರಲಿಲ್ಲ. "ನೋಡೋಣ ಅಕ್ಕ" ಎಂದಳು. ಆ ಮಾತು ಹೊರಗಿನವರಿಗೆ ಹೇಳುವಂತಿತ್ತು ಎಂಬುದು ಇಬ್ಬರಿಗೂ ತಿಳಿಯಿತು. ಅತ್ತ ಅಕ್ಕ, "ಆಯ್ತು, ಇಡ್ತೀನಿ" ಎಂದಳು.

ಆ ಭಾನುವಾರ ಅವಳು ಹೋಗಲಿಲ್ಲ. ಮುಂದಿನ ಭಾನುವಾರವೂ ಹೋಗಲಿಲ್ಲ.