ಇವತ್ತೇನ್ ಸಾರಣ್ಣ?

ಶಿರಾದ ಆಸ್ಪತ್ರೆಯಲ್ಲಿ ಹರ್ನಿಯಾ ಆಪರೇಷನ್ನಿಗೆ ಸೇರಿದ್ದಾಗ, ವಾರ್ಡಿನ ಸಿಸ್ಟರ್ ಸೂಜಿ ಚುಚ್ಚುವ ಮುಂಚೆ ತಪ್ಪದೆ ಕೇಳುತ್ತಿದ್ದರು: "ಇವತ್ತೇನ್ ಸಾರಣ್ಣ?" ಮನೆಯಿಂದ ಬಂದ ಕ್ಯಾರಿಯರ್ ನೆನಪಿಸಿಕೊಂಡು, ಉಳ್ಳಿಕಾಳು ನೆನೆಹಾಕಿದ್ದರಿಂದ ಹಿಡಿದು ನಾನು ಒಗ್ಗರಣೆಗೆ ಬರುವಷ್ಟರಲ್ಲಿ ತೋಳಿಗೆ ಹತ್ತಿ ಒತ್ತಿ, "ಆಯ್ತು, ಉಪ್ಪು ಕಮ್ಮಿ ಹಾಕ್ಸಿ" ಎನ್ನುತ್ತಿದ್ದರು. ನನ್ನ ಸಾರಿನ ಕಥೆ ಅವರ ಕಿವಿಗೆ ಬೀಳುತ್ತಿತ್ತೋ ಇಲ್ಲವೋ, ಇವತ್ತಿಗೂ ತಿಳಿಯದು.

ಆಪರೇಷನ್ನಿನ ಬೆಳಿಗ್ಗೆ ಮಾತ್ರ ಏನೂ ಕೇಳದೆ ಚುಚ್ಚಿಬಿಟ್ಟರು. ನೆಗಡಿಯಾದರೂ ಆಸ್ತಿಪತ್ರ ಹುಡುಕುವವನು ನಾನು, ಕೇಳಿಯೇಬಿಟ್ಟೆ.

"ಯಾಕ್ ಸಿಸ್ಟರ್, ಸಾರು ಕೇಳ್ಲಿಲ್ಲ? ಕೇಸು ಸೀರಿಯಸ್ಸಾ?"

"ನಿನ್ನೆಯಿಂದ ಉಪವಾಸ ಇಟ್ಟಿದ್ದೀವಿ, ಈಗ ಸಾರು ಅಂದ್ರೆ ಒಟ್ಟೆ ಉರಿಯಲ್ವಾ? ಆಚೆ ಬಂದ್ಮೇಲೆ ಕೇಳ್ತೀನಿ ಬುಡಿ."

ಆಚೆ ಬಂದೇ ಬರುತ್ತೇನೆಂದು ಇವರಿಗೆ ಹೇಗೆ ಗೊತ್ತು? ಅಥವಾ ಸುಮ್ಮನೆ ಹೇಳಿದ್ದೋ? ಆ ಗೊಂದಲದಲ್ಲೇ ಮಂಪರು ಕವಿಯಿತು.

ಎಚ್ಚರವಾದಾಗ ಅದೇ ದನಿ ಕೇಳಿಸಿತು: "ಇವತ್ತೇನ್ ಸಾರಣ್ಣ?"

"ಉಳ್ಳಿಕಾಳು," ಎಂದು ತೊದಲಿದೆ.

ಪಕ್ಕದ ಮಂಚದವನ ತೋಳು ಹಿಡಿದಿದ್ದ ಸಿಸ್ಟರ್ ತಿರುಗಿ ನಕ್ಕರು.

"ನಿಮ್ಮನ್ನಲ್ಲ ಕಣಣ್ಣ, ಈಗ ಸೂಜಿ ಇವ್ರಿಗೆ. ನೀವ್ ಆಚೆ ಬಂದ್ಬುಟ್ರಲ್ಲ."