ಯಾರೂ ಒಯ್ಯದ ಇಲಿಗಳ ಶಾಂತಕ್ಕ

ಮನೆಗೆ ಬಂದವರ ಮುಖವನ್ನು ಶಾಂತಕ್ಕ ಮೊದಲು ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಕೈಯಲ್ಲಿ ತೂತು ಕೊರೆದ ರಟ್ಟಿನ ಡಬ್ಬಿ ಕಂಡರೆ ಸಾಕು, ತುಟಿ ಸೊಟ್ಟಗಾಗುತ್ತಿತ್ತು.

"ಬಂದ ನೋಡ್ರಿ, ಇನ್ನೊಬ್ಬ ಪುಣ್ಯಾತ್ಮ!"

ಆ ಮಾತಿನಲ್ಲಿ ಪುಣ್ಯ ಎಳ್ಳಷ್ಟೂ ಇರುತ್ತಿರಲಿಲ್ಲ. ಪಶು ಆಸ್ಪತ್ರೆಯ ಕೆಲಸದಿಂದ ನಿವೃತ್ತರಾದ ಮೇಲೆ ವಾಡಿ ಊರಿನ ತಮ್ಮ ಮನೆಯ ಹಿಂದೆ, ಜನ ಸಾಕಿ ಬೇಸತ್ತು ಬಿಟ್ಟ ಪ್ರಾಣಿಗಳನ್ನು ಅವರು ನೋಡಿಕೊಳ್ಳುತ್ತಿದ್ದರು. ಹೊರಗಿನ ತಗಡಿನ ಕೆಳಗೆ ನಾಯಿಗಳು, ಫರಸಿ ಕಲ್ಲು ಹಾಸಿದ ಒಳಕೋಣೆಯಲ್ಲಿ ಬಿಳಿ ಇಲಿಗಳು.

ನಾನೂ ಅಂಥ ಪುಣ್ಯಾತ್ಮನೇ. ಮಗಳು ಹಠ ಹಿಡಿದಳೆಂದು ಕಲಬುರಗಿಯಿಂದ ಎರಡು ಇಲಿ ತಂದಿದ್ದೆ. ಎರಡೂ ಗಂಡೇ ಎಂದು ಅಂಗಡಿಯವನು ಆಣೆ ಮಾಡಿದ್ದ. ತಿಂಗಳೊಳಗೆ ಹನ್ನೊಂದಾದವು. ಮರಿಗಳು ಹಾಲು ಬಿಟ್ಟೊಡನೆ ಎಲ್ಲವನ್ನೂ ಡಬ್ಬಿಗೆ ತುಂಬಿ ಶಾಂತಕ್ಕನ ಮನೆಗೆ ತಂದೆ.

"ಮಾಸ್ತರ, ಶಾಲ್ಯಾಗ ವಿಜ್ಞಾನ ಕಲಸ್ತೀರಂತಲ್ಲ?"

"ಹೌದ್ರಿ ಅಕ್ಕೋರ."

"ಗಂಡ್ಯಾವುದು, ಹೆಣ್ಯಾವುದು ತಿಳಿಯಂಗಿಲ್ಲ. ನಿಮ್ಮ ಕಡಿ ಕಲಿಯೋ ಹುಡುಗರ ಹಣೆಬಾರ!"

ಒಂದೊಂದನ್ನೂ ಅಂಗೈ ಮೇಲೆ ಎತ್ತಿ, ಬಾಲ ಸರಿಸಿ ನೋಡಿ, ಗಂಡು ಒಂದು ಪಂಜರಕ್ಕೆ, ಹೆಣ್ಣು ಇನ್ನೊಂದಕ್ಕೆ ಹಾಕಿದರು. ಬೆನ್ನಿಗೆ ಕಿವಿಯಿಟ್ಟು ಉಸಿರು ಕೇಳಿದರು. ನಾನು ಹಾಸಿದ್ದ ಕಟ್ಟಿಗೆಯ ಹೊಟ್ಟನ್ನು ಅಂಗಳಕ್ಕೆ ಸುರಿದರು.

"ಇದ್ರಾಗ ಮಲಗಿದ್ರ ಎದಿ ಕಟ್ಟತದ. ನೀವು ಮಲಗ್ತೀರೇನು?"

ನಾನು ಎದ್ದು ಹೊರಟೆ. "ಎಲ್ಲಿಗಿ? ಕುಂದ್ರಿ, ಹಾಸಲಿಕ್ಕ ಹಳೇ ಸೀರಿ ಹರೀರಿ" ಎಂದರು. ಅವತ್ತಿನಿಂದ ಪ್ರತಿ ರವಿವಾರ ನಾನಿದ್ದ ಶಹಾಬಾದಿನಿಂದ ಹೋಗಿ ಪಂಜರ ತೊಳೆಯುವುದು ನನ್ನ ಪಾಲಿಗೆ ಬಂತು.

ಅವರು ಇಲಿಯನ್ನು ಒಂಟಿಯಾಗಿ ಯಾರಿಗೂ ಕೊಟ್ಟವರಲ್ಲ. ಕೇಳಿದವರಿಗೆ ಜೋಡಿಯನ್ನೇ, ಅದೂ ಮನೆ ನೋಡಿ ಬಂದ ಮೇಲೆ. ಯಾರೂ ಒಯ್ಯದವು ಅಲ್ಲೇ ಉಳಿಯುತ್ತಿದ್ದವು: ಹಿಂಗಾಲು ಎಳೆಯುವ ಮುದಿ ಇಲಿಗಳು, ಹೊಟ್ಟೆಯ ಕೆಳಗೆ ಗಡ್ಡೆಯಾದವು, ಮತ್ತು ಫೌಜದಾರ ಎಂದು ಹೆಸರಿಟ್ಟ ಒಂದು ಗಂಡಿಲಿ. ಬೆಕ್ಕಿನ ಬಾಯಿಂದ ಅರ್ಧ ಕಿವಿ ಕಳೆದುಕೊಂಡು ಬಂದಿದ್ದ ಫೌಜದಾರ ಮುಟ್ಟಿದವರನ್ನೆಲ್ಲ ಕಚ್ಚುತ್ತಿದ್ದ. ಶಾಂತಕ್ಕ ಮೂರು ತಿಂಗಳು ಬೇಯಿಸಿದ ಮೊಟ್ಟೆಯ ಚೂರು ಹಿಡಿದು ಪಂಜರದ ಮುಂದೆ ಕುಳಿತರು. ಆಮೇಲೆ ಕೈ ಒಡ್ಡುವುದನ್ನು ಬಿಟ್ಟು, ಕುರುಡಾದ ಒಂದು ಮುದಿ ಇಲಿಯನ್ನು ಅವನಿಗೆ ಜೊತೆ ಮಾಡಿದರು. ಅದನ್ನು ಮಾತ್ರ ಅವನು ಕಚ್ಚಲಿಲ್ಲ.

"ಮನಷ್ಯಾರು ಬ್ಯಾಡಂದ್ರ ತಪ್ಪೇನದ? ಶಾಣ್ಯಾ ಅದಾನ" ಎಂದರು.

ಒಮ್ಮೆ ಸೇಡಂ ಕಡೆಯ ಗೊಬ್ಬರದಂಗಡಿಯವನೊಬ್ಬ ಬಂದ. ಇಲಿ ಪಾಷಾಣದ ಹೊಸ ಸರಕು ಬಂದಿದೆ, ಗಿರಾಕಿಗಳ ಮುಂದೆ ತಿನ್ನಿಸಿ ತೋರಿಸಬೇಕು ಎಂದ. "ಛಲೋವು ಬ್ಯಾಡ್ರಿ ಅಕ್ಕೋರ. ಯಾರೂ ಒಯ್ಯಲಾರದವು ಅದಾವಲ್ಲ, ಅವನ್ನೇ ಕೊಡ್ರಿ. ಹೆಂಗೂ ದಂಡಕ್ಕ ತಿಂತಾವ."

ನಾನು ಪಂಜರ ಒರೆಸುತ್ತಿದ್ದೆ. ಶಾಂತಕ್ಕ ದನಿ ಏರಿಸಲಿಲ್ಲ.

"ನಿಮ್ಮ ಮನ್ಯಾಗ ಮುದುಕರು ಅದಾರೇನ್ರಿ?"

"ನಮ್ಮವ್ವ ಅದಾಳ್ರಿ. ಹಾಸಿಗಿ ಹಿಡದಾಳ."

"ಆಕೀನ್ನ ಯಾರರೆ ಒಯ್ತಾರೇನು?"

ಅವನು ಕೆಂಪಗಾಗಿ ಏನೋ ಬೈಯುತ್ತ ಗಾಡಿ ಚಾಲೂ ಮಾಡಿದ. ಶಾಂತಕ್ಕ ಅವನು ನಿಂತಿದ್ದ ಜಾಗಕ್ಕೆ ಒಂದು ಚೊಂಬು ನೀರು ಚೆಲ್ಲಿ, ಕಸಬರಿಗೆಯಿಂದ ಉಜ್ಜಿದರು.

ಹೋದ ಬೇಸಿಗೆಗೆ ಮುನ್ನ ಅವರಿಗೆ ಲಕ್ವಾ ಹೊಡೆಯಿತು. ತಂಗಿ ನಮ್ಮ ಜಿಲ್ಲೆಯದೇ ಆದ ಚಂದಾಪುರದ ತನ್ನ ಮನೆಗೆ ಕರೆದೊಯ್ದಳು. ನಾಯಿಗಳನ್ನು ಅವರಿವರು ಒಯ್ದರು. ಉಳಿದ ಆರು ಇಲಿಗಳನ್ನು ನಾನು ಮನೆಗೆ ತಂದೆ. ಫೌಜದಾರ ದಾರಿಯಲ್ಲೇ ಎರಡು ಸಲ ಕಚ್ಚಿದ.

ಕೊನೆಯ ಸಲ ಅವರನ್ನು ನೋಡಿದ್ದು ಏಪ್ರಿಲ್‌ನ ಒಂದು ಮಧ್ಯಾಹ್ನ. ಅಲ್ಲಿಂದ ಎಂಟು ದಿನಕ್ಕೆ ತೀರಿಕೊಂಡರು. ಅವತ್ತು ಅವರ ಬಾಯಿಯ ಒಂದು ಬದಿ ಜೋತಿತ್ತು. ನೋಡಿ ನನ್ನ ಕಣ್ಣು ತುಂಬಿದವು.

"ಅಳಾಕ ಬಂದೀರೇನು? ಬಿಸಲು ಭಾಳ ಅದ. ಪಂಜರಕ್ಕ ತೊಯ್ಸಿದ ಅರಬಿ ಹೊದಿಸೀರಿಲ್ಲೋ?"

"ಮುಂಜಾನಿ ಹೊದಿಸಿ ಬಂದೀನ್ರಿ ಅಕ್ಕೋರ."

"ಇಷ್ಟೊತ್ತಿಗಿ ಒಣಗಿರ್ತದ. ಏಳ್ರಿ, ನಡೀರಿ."

ನಾನು ಎದ್ದೆ.